ಅಮ್ಮನ ಲೆಕ್ಕದ ಪುಸ್ತಕದಲ್ಲಿ ಖಾಲಿ ಉಳಿದ ಸಾಲು

ನಮಸ್ಕಾರ. ಮುಳಬಾಗಿಲು ತಾಲ್ಲೂಕಿನ ನಮ್ಮ ಊರಿಂದ ಮಾತಾಡುತ್ತಿದ್ದೇನೆ. ಆಂಧ್ರದ ಗಡಿ ಇಲ್ಲಿಂದ ಬೈಕಿನಲ್ಲಿ ಹದಿನೈದು ನಿಮಿಷ. ನನ್ನ ಕೈಯಲ್ಲಿರುವುದು ನಮ್ಮ ಅಮ್ಮನ ಲೆಕ್ಕದ ಪುಸ್ತಕ, 2020ನೇ ಇಸವಿಯದು. ನೂರು ಪುಟದ ನೋಟ್‌ಬುಕ್. ರಟ್ಟಿನ ಮೇಲೆ ಎಣ್ಣೆ ಕಲೆ ಇದೆ. ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತು. ಅಲ್ಲೇ ಕೂತು ಓದಿದೆ. ಆಮೇಲೆ ಎರಡು ದಿನ ಬೇರೆ ಕೆಲಸಕ್ಕೆ ಮನಸ್ಸೇ ಬರಲಿಲ್ಲ.

ಅಮ್ಮ ರಾತ್ರಿ ಊಟ ಆದ ಮೇಲೆ ಖರ್ಚು ಬರೆಯುತ್ತಾಳೆ. ಅದರಲ್ಲಿ ಹಾಲು ಇರಲ್ಲ, ಹಸು ಮನೆಯದೇ. ಕಾಫಿ ಪುಡಿ, ಸೋಪು, ಹೂವು, ರೀಚಾರ್ಜ್. ಹದಿನೈದು ದಿನಕ್ಕೊಮ್ಮೆ ಒಂದು ಸಾಲು ತಪ್ಪದೆ ಬರುತ್ತದೆ. ‘ಪಲಮನೇರು ಬಸ್, ಹೋಗ್ತಾ ಬರ್ತಾ.’ ಪಲಮನೇರಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ, ಅಮ್ಮನ ಒಬ್ಬಳೇ ತಂಗಿ. ಗಡಿ ದಾಟಿದರೆ ಆಯಿತು, ಅವಳ ಊರು. ನಮ್ಮ ಕಡೆಯವರಿಗೆ ಅದು ಬೇರೆ ರಾಜ್ಯ ಅಂತ ಅನ್ನಿಸುವುದೇ ಇಲ್ಲ. ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಹೆಣ್ಣು ಕೊಟ್ಟು ತರುವುದು, ಎತ್ತು ಕೊಳ್ಳುವುದು, ಟೊಮೆಟೊ ಬಾಕ್ಸ್ ಸಾಗಿಸುವುದು ಎಲ್ಲ ಆ ಕಡೆ ಈ ಕಡೆ ನಡೆಯುತ್ತಲೇ ಇರುತ್ತದೆ.

ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. 25ರಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಆ ವಾರದ ಪುಟ ನೋಡಿ. ‘ಪಲಮನೇರು ಬಸ್’ ಅಂತ ಬರೆದಿದ್ದಾಳೆ. ಮುಂದೆ ದುಡ್ಡು ಬರೆದಿಲ್ಲ, ಒಂದು ಅಡ್ಡ ಗೆರೆ ಎಳೆದಿದ್ದಾಳೆ. ಏಪ್ರಿಲ್‌ನಲ್ಲಿ ಎರಡು ಗೆರೆ. ಮೇ ತಿಂಗಳಲ್ಲೂ ಎರಡು. ಓಡದೇ ಇದ್ದ ಬಸ್ಸಿಗೂ ಲೆಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ ನಮ್ಮಮ್ಮ.

ಈಗಲೂ ಕೆಲವರು ಹೇಳುತ್ತಾರೆ, ಲಾಕ್‌ಡೌನ್‌ನಲ್ಲಿ ಖರ್ಚೇ ಇರಲಿಲ್ಲ, ದುಡ್ಡು ಉಳಿಯಿತು ಅಂತ. ತಿಂಗಳ ಸಂಬಳ ಬರುತ್ತಿದ್ದವರಿಗೆ ಉಳಿದಿರಬಹುದು. ಅವರ ಮನೆಯಲ್ಲಿ ಉಳಿದ ದುಡ್ಡು ಬೇರೆ ಯಾರದೋ ಕೂಲಿ. ಬಸ್ ಸ್ಟ್ಯಾಂಡಿನಲ್ಲಿ ಮೊಳ ಹೂವು ಮಾರುವವಳದು, ಟೀ ಅಂಗಡಿಯವನದು, ಆಟೋದವನದು. ಆ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆ ರೈತರು ಹೂವನ್ನು ತಿಪ್ಪೆಗೆ ಸುರಿದರು. ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು. ಮದುವೆ ಇಲ್ಲ, ಜಾತ್ರೆ ಇಲ್ಲ, ಹೂವು ಯಾರು ಕೊಳ್ಳುತ್ತಾರೆ? ಯಾವುದೋ ಮನೆಯ ಪುಸ್ತಕದಲ್ಲಿ ‘ಹೂವು’ ಅನ್ನುವ ಸಾಲು ಬಿಟ್ಟುಹೋದರೆ, ಇಲ್ಲಿ ಒಂದು ತೋಟದ ಬೆಳೆ ಹಾಳು.

ನಮ್ಮದು ರಾಜ್ಯದ ಗಡಿ. ದೇಶದ ಗಡಿಯಲ್ಲಿ ಇರುವವರ ಮನೆಯಲ್ಲೂ ಇಂಥದೇ ಪುಸ್ತಕ ಇದ್ದಿರುತ್ತದೆ, ಅಲ್ವಾ? ಅವರು ಏನು ಬರೆದರೋ ಅಂತ ಯೋಚಿಸುತ್ತಾ ನಮ್ಮ ಅಕ್ಕಪಕ್ಕದ ದೇಶಗಳ ಆಗಿನ ಸುದ್ದಿಗಳನ್ನು ಮತ್ತೆ ಹುಡುಕಿ ಓದಿದೆ.

ನೇಪಾಳದ್ದು ಹೇಳುತ್ತೇನೆ. ನಮಗೂ ಅವರಿಗೂ ಇರುವುದು ತೆರೆದ ಗಡಿ. ವೀಸಾ ಬೇಡ, ಪಾಸ್‌ಪೋರ್ಟ್ ಬೇಡ. ಆ ಕಡೆಯವರು ಕೂಲಿಗೆ ಈ ಕಡೆ ಬರುತ್ತಾರೆ, ಈ ಕಡೆಯವರು ಸಂತೆಗೆ ಆ ಕಡೆ ಹೋಗುತ್ತಾರೆ. 2020ರ ಮಾರ್ಚ್ 24ಕ್ಕೆ ನೇಪಾಳದಲ್ಲೂ ಲಾಕ್‌ಡೌನ್. ಉತ್ತರಾಖಂಡದ ಧಾರ್ಚುಲಾದಲ್ಲಿ ಕಾಳಿ ನದಿಗೆ ಒಂದು ತೂಗುಸೇತುವೆ ಇದೆ. ಅದನ್ನು ಮುಚ್ಚಿದರು. ಊರಿಗೆ ಹೊರಟಿದ್ದ ನೂರಾರು ನೇಪಾಳಿ ಕೂಲಿಯವರು ಈ ದಡದಲ್ಲೇ ನಿಂತರು. ಎದುರಿಗೆ ಕಾಣುತ್ತಿರುವುದು ಅವರದೇ ದೇಶ. ಮಾರ್ಚ್ ಕೊನೆಯಲ್ಲಿ ಕೆಲವರು ತಡೆಯಲಾರದೆ ನದಿಗೆ ಹಾರಿ ಈಜಿದರು. ಹಿಮಾಲಯದ ಹೊಳೆ, ಐಸ್‌ನಂಥ ನೀರು. ಆ ದಡ ಮುಟ್ಟಿದವರನ್ನು ಅಲ್ಲಿನ ಪೊಲೀಸರು ಹಿಡಿದರು. ತಮ್ಮ ಮನೆಗೆ ತಾವು ಹೋಗಿದ್ದಕ್ಕೆ!

ಇದರ ಪಕ್ಕದಲ್ಲಿ ಇನ್ನೊಂದು ದಿನಾಂಕ ಇಟ್ಟು ನೋಡಿ. 2020ರ ಜುಲೈ 15. ಅವತ್ತು ಮಾಲ್ಡೀವ್ಸ್ ಪ್ರವಾಸಿಗರಿಗೆ ಬಾಗಿಲು ತೆರೆಯಿತು. 2021ರಲ್ಲಿ ಅಲ್ಲಿಗೆ ಹೋದ ಭಾರತೀಯರು ಸುಮಾರು 2 ಲಕ್ಷ 90 ಸಾವಿರ. ಎಲ್ಲ ದೇಶದವರಿಗಿಂತ ನಾವೇ ಜಾಸ್ತಿ. ನಾನು ಮಾಲ್ಡೀವ್ಸನ್ನು ಬೈಯುತ್ತಿಲ್ಲ. ಅವರ ಹೊಟ್ಟೆಪಾಡೇ ಪ್ರವಾಸಿಗರು. ಹೋದವರನ್ನೂ ಬೈಯುತ್ತಿಲ್ಲ. ಆದರೆ ಟೆಸ್ಟ್ ಮಾಡಿಸಿ, ರಿಪೋರ್ಟ್ ತೋರಿಸಿ, ವಿಮಾನ ಹತ್ತುವವರಿಗೆ ಒಂದು ದಾರಿ ಮಾಡಿಕೊಡಲು ಆಯಿತಲ್ಲ? ಅದೇ ಟೆಸ್ಟು, ಅದೇ ರಿಪೋರ್ಟು ತೂಗುಸೇತುವೆ ಹತ್ತಿರ ಒಂದು ಟೇಬಲ್ ಹಾಕಿ ಮಾಡಬಹುದಿತ್ತಲ್ಲ?

ಬಾಂಗ್ಲಾದೇಶದ್ದು ನನಗೆ ಇನ್ನೂ ಹತ್ತಿರದ ವಿಷಯ. ನಮ್ಮ ಕೋಲಾರದ ಟೊಮೆಟೊ ಬಂಗಾಳಕ್ಕೆ ಹೋಗುತ್ತದೆ, ಅಲ್ಲಿಂದ ಬಾಂಗ್ಲಾದೇಶಕ್ಕೂ ಹೋಗುತ್ತದೆ. ಕೋಲಾರದ ಮಾರ್ಕೆಟ್ಟಿನಲ್ಲಿ ಹದಿನೈದು ಕೆಜಿಯ ಬಾಕ್ಸ್ ಲೋಡ್ ಆಗುವಾಗ, ಇದು ಯಾವ ದೇಶದ ಯಾರ ಸಾರಿಗೆ ಬೀಳುತ್ತದೋ ಅಂತ ನಾವು ಯೋಚಿಸುವುದಿಲ್ಲ. 2020ರ ಮಾರ್ಚ್‌ನಲ್ಲಿ ಆ ಗಡಿಯಲ್ಲಿ ಲಾರಿಗಳು ನಿಂತವು. ಜುಲೈನಲ್ಲಿ ಗುಂಟೂರಿನ ಕಡೆಯಿಂದ ಒಣಮೆಣಸಿನಕಾಯಿ ತುಂಬಿಕೊಂಡು ಪಾರ್ಸೆಲ್ ರೈಲು ಹೊರಟಿತು, ಬಾಂಗ್ಲಾದೇಶದ ಬೇನಾಪೋಲ್‌ಗೆ. ರಸ್ತೆ ಇಲ್ಲ ಅಂದರೆ ರೈಲು ಅಂತ ಯಾರೋ ತಲೆ ಓಡಿಸಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಇನ್ನು ಜನ ಓಡಾಡುವ ರೈಲು? ಕೋಲ್ಕತ್ತ–ಢಾಕಾ ಮೈತ್ರಿ ಎಕ್ಸ್‌ಪ್ರೆಸ್ 2020ರ ಮಾರ್ಚ್‌ನಲ್ಲಿ ನಿಂತಿದ್ದು, ಮತ್ತೆ ಹೊರಟಿದ್ದು 2022ರ ಮೇ 29ಕ್ಕೆ. ಮೆಣಸಿನಕಾಯಿ ನಾಲ್ಕೇ ತಿಂಗಳಲ್ಲಿ ಗಡಿ ದಾಟಿತು. ಆ ಊರಲ್ಲಿ ಅಕ್ಕ ಈ ಊರಲ್ಲಿ ತಂಗಿ ಇರುವವರು ಎರಡು ವರ್ಷದ ಮೇಲೆ ಕಾದರು.

ಮತ್ತೆ ಅಮ್ಮನ ಪುಸ್ತಕಕ್ಕೆ ಬರುತ್ತೇನೆ. ಏಪ್ರಿಲ್ ಪುಟಗಳಲ್ಲಿ ಬಸ್ ಚಾರ್ಜ್ ಹೋಯಿತು, ಅರಿಶಿನ ಬಂತು. ವಾರಕ್ಕೊಂದು ಸಲ ಅರಿಶಿನ, ಮೆಣಸು, ಒಣಶುಂಠಿ. ನಿಮ್ಮ ಮನೆಯಲ್ಲೂ ಕಷಾಯ ಕುಡಿಸಿರುತ್ತಾರೆ. ರೀಚಾರ್ಜ್ ಒಂದಿದ್ದದ್ದು ಎರಡಾಯಿತು, ತಮ್ಮನ ಆನ್‌ಲೈನ್ ಕ್ಲಾಸಿಗೆ. ಅರಿಶಿನ ನಮಗೆ ಪೆಟ್ಟಿಗೆ ಅಂಗಡಿಯಲ್ಲೂ ಸಿಕ್ಕಿತು. ಶ್ರೀಲಂಕಾದಲ್ಲಿ ಅದೇ ಅರಿಶಿನಕ್ಕೆ ಒದ್ದಾಡಿದರು. ಅಲ್ಲಿನ ಸರ್ಕಾರ ಸ್ಥಳೀಯ ಬೆಳೆಗಾರರಿಗೆ ಅನುಕೂಲ ಆಗಲಿ ಅಂತ ಹೊರಗಿನ ಅರಿಶಿನಕ್ಕೆ ತಡೆ ಹಾಕಿತ್ತು. ಅದೇ ಹೊತ್ತಿಗೆ ರೋಗ ಬಂತು, ಎಲ್ಲರಿಗೂ ಅರಿಶಿನ ಬೇಕಾಯಿತು. ಬೆಲೆ ಮುಗಿಲಿಗೆ ಹೋಯಿತು. ತಮಿಳುನಾಡಿನ ರಾಮನಾಥಪುರ, ತೂತುಕುಡಿ ಕಡಲಿಂದ ರಾತ್ರಿ ಹೊತ್ತು ದೋಣಿಯಲ್ಲಿ ಮೂಟೆ ಮೂಟೆ ಅರಿಶಿನ ಕಳ್ಳಸಾಗಣೆ ಆಗತೊಡಗಿತು. ಚಿನ್ನ ಹಿಡಿದ ಹಾಗೆ ಅರಿಶಿನ ಹಿಡಿಯುತ್ತಿದ್ದರು. ಒಂದು ಚಿಟಿಕೆ ಅರಿಶಿನಕ್ಕೆ ಲೆಕ್ಕ ಹಾಕುವ ಅಡುಗೆಮನೆ ಹೇಗಿರುತ್ತದೆ ಅಂತ ನಮ್ಮಮ್ಮನಂಥವರಿಗೆ ಹೇಳಿಕೊಡಬೇಕಾಗಿಲ್ಲ. ಆ ದೇಶಕ್ಕೆ 2019ರಲ್ಲಿ 19 ಲಕ್ಷ ಪ್ರವಾಸಿಗರು ಬಂದಿದ್ದರು. 2021ರಲ್ಲಿ ಬಂದವರು 2 ಲಕ್ಷಕ್ಕೂ ಕಡಿಮೆ.

ದುಡ್ಡು ಕೊಡುವ ರೀತಿಯೂ ಆಗಲೇ ಬದಲಾಗಿದ್ದು. 2020ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಯುಪಿಐ ವ್ಯವಹಾರ 100 ಕೋಟಿ ಸಲಕ್ಕೆ ಇಳಿದಿತ್ತು, ಅಕ್ಟೋಬರ್ ಹೊತ್ತಿಗೆ 200 ಕೋಟಿ ದಾಟಿತು. ನೋಟು ಮುಟ್ಟಲು ಹೆದರಿ ಸೊಪ್ಪಿನ ಗಾಡಿಗೂ ಸ್ಕ್ಯಾನರ್ ಅಂಟಿಸಿದ್ದು ನಿಮಗೆ ನೆನಪಿರಬಹುದು. ಆದರೆ ಅದೇ 2020–21ರಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೊತ್ತವೂ 16.8 ಪರ್ಸೆಂಟ್ ಜಾಸ್ತಿಯಾಯಿತು ಅಂತ ರಿಸರ್ವ್ ಬ್ಯಾಂಕ್ ಲೆಕ್ಕ ಹೇಳುತ್ತದೆ. ಅಂದರೆ ಫೋನಿನಲ್ಲಿ ಕೊಡುತ್ತಿದ್ದವರೂ ಮನೆಯಲ್ಲಿ ನೋಟು ಕಟ್ಟಿ ಇಟ್ಟರು. ನಮ್ಮಮ್ಮ ರಾಗಿ ಡಬ್ಬದಲ್ಲಿ ಇಟ್ಟಿದ್ದಳು. ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಬಾಡಿಗೆ ಕಾರಿನವನಿಗೆ ಕೊಡಲು.

ಭಯ ಸುಳ್ಳಲ್ಲ. ಗಡಿ ಮುಚ್ಚಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೇ ತಿಂಗಳ ತನಕ ಕೋಲಾರ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ಬಂದಾಗ ಮೊದಲು ನಮ್ಮ ಮುಳಬಾಗಿಲಿಗೇ ಬಂತು. ಅವತ್ತು ನಮ್ಮ ಬೀದಿಯಲ್ಲಿ ಒಂದು ಕಿಟಕಿಯೂ ತೆರೆದಿರಲಿಲ್ಲ. ಮುಚ್ಚಿದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಭೂತಾನ್ ಸಾಕ್ಷಿ. 2020ರ ಮಾರ್ಚ್ 23ಕ್ಕೆ ಗಡಿ ಮುಚ್ಚಿದರು. ಕೋವಿಡ್‌ನಿಂದ ಆ ದೇಶದಲ್ಲಿ ಸತ್ತವರು ಒಟ್ಟು 21 ಜನ.

ಆದರೆ ಅವರು ಹೇಗೆ ಮುಚ್ಚಿದರು ನೋಡಿ. ಭೂತಾನಿನ ಫುಂಟ್‌ಶೋಲಿಂಗ್, ನಮ್ಮ ಬಂಗಾಳದ ಜೈಗಾಂವ್, ಎರಡೂ ಅಂಟಿಕೊಂಡ ಊರುಗಳು. ಮಧ್ಯೆ ಒಂದು ಗೇಟು. ಬಾಡಿಗೆ ಕಮ್ಮಿ ಅಂತ ಸಾವಿರಾರು ಭೂತಾನಿಗಳು ಜೈಗಾಂವ್‌ನಲ್ಲಿ ಮನೆ ಮಾಡಿಕೊಂಡು, ದಿನಾ ಬೆಳಿಗ್ಗೆ ಗೇಟು ದಾಟಿ ಕೆಲಸಕ್ಕೆ ಹೋಗುತ್ತಿದ್ದರು. ಬಂಗಾರಪೇಟೆ, ಕೆಜಿಎಫ್‌ನಿಂದ ದಿನಾ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿಬರುವವರನ್ನು ನೆನೆಸಿಕೊಳ್ಳಿ, ಅಂಥದ್ದೇ ಜೀವನ. ಗಡಿ ಮುಚ್ಚುವಾಗ ಅವರಿಗೆಲ್ಲ ಒಳಗೆ ಬರಲು ಹೇಳಿದರು. ಇರಲು ತಾತ್ಕಾಲಿಕ ಮನೆಗಳನ್ನು ಕಟ್ಟಿಕೊಟ್ಟರು. ದುಡಿಮೆ ಹೋದವರಿಗೆ ರಾಜನ ಕಡೆಯಿಂದ ತಿಂಗಳಿಗೆ 12,000 ಙುಲ್ಟ್ರಮ್ ವರೆಗೆ ಪರಿಹಾರ ಬಂತು. ಅದರ ಬೆಲೆ ನಮ್ಮ ರೂಪಾಯಿಗೆ ಸಮ. ಬೀಗ ಹಾಕುವ ಮುಂಚೆ ಯಾರು ಹೊರಗಿದ್ದಾರೆ ಅಂತ ಎಣಿಸಿದರು. ನಾನು ಕೇಳುತ್ತಿರುವುದು ಇಷ್ಟೇ. ಆ ಎಣಿಕೆ.

ಗೇಟಿನ ಈ ಕಡೆ ಏನಾಯಿತು? ಜೈಗಾಂವ್‌ನ ಅಂಗಡಿಗಳಿಗೆ ಭೂತಾನಿಗಳೇ ಗಿರಾಕಿ. ಗೇಟು ತೆರೆದಿದ್ದು 2022ರ ಸೆಪ್ಟೆಂಬರ್ 23ಕ್ಕೆ. ಎರಡೂವರೆ ವರ್ಷ. ಮುಳಬಾಗಿಲಿನ ಬಜಾರು ಬೀದಿಗೆ ಎರಡೂವರೆ ವರ್ಷ ಹಳ್ಳಿಯವರು ಬರದೇ ಇದ್ದರೆ ಎಷ್ಟು ಅಂಗಡಿ ಉಳಿಯುತ್ತವೆ?

ಮುಂದೆ ಮತ್ತೆ ಇಂಥ ರೋಗ ಬಂದರೆ, ದೂರದ ಪ್ರಯಾಣ ಬೇರೆ, ದಿನದ ಓಡಾಟ ಬೇರೆ ಅಂತ ನೋಡಬೇಕು. ಗಡಿಯ ಎರಡೂ ಕಡೆ ಹತ್ತಿಪ್ಪತ್ತು ಕಿಲೋಮೀಟರ್ ಒಳಗಿನ ಊರುಗಳ ಪಟ್ಟಿ ಈಗಲೇ ಆಗಬೇಕು. ಡಯಾಲಿಸಿಸ್‌ಗೆ ಯಾರು ಆಚೆ ಹೋಗುತ್ತಾರೆ, ಕೂಲಿಗೆ ಯಾರು ಈಚೆ ಬರುತ್ತಾರೆ, ಯಾರ ತಾಯಿ ಯಾವ ಊರಲ್ಲಿ ಒಬ್ಬಳೇ ಇದ್ದಾಳೆ, ಇದೆಲ್ಲ ನಮ್ಮ ಪಂಚಾಯಿತಿಗೆ, ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಅವರಿಗೆ ಪಾಸ್ ಕೊಡುವ ಅಧಿಕಾರ ಕೊಡಿ. ಹಾಲಿನ ವ್ಯಾನ್ ಇಡೀ ಲಾಕ್‌ಡೌನ್‌ನಲ್ಲಿ ಒಂದು ದಿನ ತಪ್ಪದೆ ನಮ್ಮ ಊರಿಗೆ ಬಂತು. ಟೈಮ್ ಇತ್ತು, ಮಾಸ್ಕ್ ಇತ್ತು, ಲೈನ್ ಇತ್ತು. ಹಾಲಿಗೆ ಮಾಡಿದ್ದನ್ನು ಮನುಷ್ಯರಿಗೂ ಮಾಡಬಹುದು.

ಮೇ ತಿಂಗಳಲ್ಲಿ ಒಂದು ಸಲ ಅಮ್ಮ ತಡೆಯಲಾರದೆ, ಬೈಕಿನಲ್ಲಿ ಗಡಿ ತನಕ ಕರೆದುಕೊಂಡು ಹೋಗು ಅಂದಳು. ಆ ಕಡೆಯಿಂದ ಚಿಕ್ಕಪ್ಪನ ಸ್ಕೂಟರಿನಲ್ಲಿ ಚಿಕ್ಕಮ್ಮ ಬಂದಿದ್ದಳು. ಮಧ್ಯೆ ಬ್ಯಾರಿಕೇಡ್. ಕಾವಲಿಗಿದ್ದ ಹುಡುಗ ಅಮ್ಮನ ಕೈಯಿಂದ ಚೀಲ ತಗೊಂಡು ಆ ಕಡೆ ಕೊಟ್ಟ. ಅದರಲ್ಲಿ ರಾಗಿ ಹಿಟ್ಟು, ಎರಡು ಕೆಜಿ ಟೊಮೆಟೊ, ಒಂದು ಅರಿಶಿನದ ಪೊಟ್ಟಣ. ‘ಅಕ್ಕಾ, ಬಾಗುನ್ನಾವಾ?’ ಅಂತ ಚಿಕ್ಕಮ್ಮ ಅಲ್ಲಿಂದಲೇ ಕೂಗಿದಳು. ಅಮ್ಮ ತಲೆ ಆಡಿಸಿದಳು, ಬಾಯಿಂದ ಮಾತು ಬರಲಿಲ್ಲ. ಐದು ನಿಮಿಷ ಇದ್ದೆವು, ಅಷ್ಟೇ.

ಆಂಧ್ರಕ್ಕೆ ಬಸ್ ಬಿಟ್ಟಿದ್ದು ಜೂನ್‌ನಲ್ಲಿ. ಆ ತಿಂಗಳ ಕೊನೆಯ ಪುಟ ಕ್ಯಾಮೆರಾಕ್ಕೆ ಹತ್ತಿರ ಹಿಡಿಯುತ್ತೇನೆ, ಓದಿಕೊಳ್ಳಿ. ‘ಪಲಮನೇರು ಬಸ್, ಹೋಗ್ತಾ ಬರ್ತಾ.’ ಮುಂದೆ ದುಡ್ಡು ಬರೆದಿದ್ದಾಳೆ. ಅದರ ಕೆಳಗೆ, ಅದೇ ನೀಲಿ ಪೆನ್ನಿನಲ್ಲಿ, ಸಣ್ಣದಾಗಿ: ‘ತಂಗಿ ತುಂಬಾ ಸಣ್ಣಗಾಗಿದ್ದಾಳೆ.’