ಎರೆಮಣ್ಣಲ್ಲಿ ಇಷ್ಟು ಮರಳು ಎಲ್ಲಿಂದ ಬಂತು?

ಮೂರು ಬಾಟಲಿ ಕಾಣ್ತಿವೆಯಲ್ಲ, ಎಡಗಡೆ ಕೆಮ್ಮಣ್ಣು, ಮಧ್ಯದಲ್ಲಿ ಎರೆಮಣ್ಣು, ಬಲಗಡೆ ಕೆರೆ ಮಣ್ಣು. ಐದು, ಆರು, ಏಳನೇ ಕ್ಲಾಸಿಗೆ ಮಣ್ಣಿನ ಪಾಠ ಮಾಡೋ ಟೀಚರ್‌ಗಳಿಗೆ ಇವತ್ತಿನ ವಿಡಿಯೋ: ಮಣ್ಣನ್ನ ನೀರಲ್ಲಿ ಅಲ್ಲಾಡಿಸಿ ಇಟ್ಟು, ಅದರಲ್ಲಿ ಮರಳು, ಹೂಳು, ಜೇಡಿ ಎಷ್ಟೆಷ್ಟಿದೆ ಅಂತ ಅಳೆಯೋ ಪ್ರಯೋಗ. ಹಾಕೋದು, ತುಂಬೋದು ಎಲ್ಲ ನೀವೇ ನೋಡ್ತಿದ್ದೀರಿ, ನಾನು ಅಳತೆ ಮಾತ್ರ ಹೇಳ್ತೀನಿ. ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ಎರಡು ಬೆರಳಷ್ಟು ಜಾಗ ಬಿಟ್ಟು ನೀರು, ಅರ್ಧ ಟೀ ಚಮಚ ಬಟ್ಟೆ ಸೋಪಿನ ಪುಡಿ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ, ಅವನ್ನ ಬಿಡಿಸೋಕೆ ಈ ಸೋಪು. ಜಾಸ್ತಿ ಹಾಕಿದ್ರೆ ನೊರೆ ತುಂಬ್ಕೊಂಡು ಏನೂ ಕಾಣಲ್ಲ.

ಬಾಟಲಿ ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರಬೇಕು. ಜ್ಯೂಸ್ ಬಾಟಲಿಗೆ ಸೊಂಟ ಇರುತ್ತೆ, ಸೊಂಟದಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಬುಡದ ಒಂದು ಸೆಂಟಿಮೀಟರಿನಷ್ಟು ಮಣ್ಣಲ್ಲ. ಉಪ್ಪಿನಕಾಯಿ ಬರೋ ಗಾಜಿನ ಬಾಟಲಿಗಿಂತ ಒಳ್ಳೇದು ಇನ್ನೊಂದಿಲ್ಲ. ಅಥವಾ ಬೇಡ. ಮಕ್ಕಳು ಇದನ್ನ ಹತ್ತು ನಿಮಿಷ ಅಲ್ಲಾಡಿಸಬೇಕು, ಒದ್ದೆ ಕೈ, ಮೇಲಿಂದ ಸೋಪು. ಮಕ್ಕಳಿಗೆ ಪ್ಲಾಸ್ಟಿಕ್ ಡಬ್ಬಿ ಕೊಡಿ, ಗಾಜಿಂದು ಟೀಚರ್ ಕೈಯಲ್ಲೇ ಇರಲಿ.

ಇಟ್ಟಾಯ್ತು. ಈಗ ಮಾತಾಡಬೇಡಿ, ಗಡಿಯಾರ ನೋಡಿ. ಸರಿಯಾಗಿ ಒಂದು ನಿಮಿಷಕ್ಕೆ ಮಾರ್ಕರ್‌ನಲ್ಲಿ ಮೊದಲನೇ ಗೆರೆ. ಈ ಗೆರೆ ತಪ್ಪಿಸಿಕೊಂಡ್ರೆ ಪ್ರಯೋಗ ಮುಗೀತು ಅಂತಲೇ ಲೆಕ್ಕ. ಪಠ್ಯಪುಸ್ತಕದ ಚಿತ್ರದಲ್ಲಿ ಮೂರು ಪದರ ಮೂರು ಬಣ್ಣದಲ್ಲಿ ಇರ್ತವೆ, ನಿಜವಾದ ಬಾಟಲಿಯಲ್ಲಿ ಮರಳು ಎಲ್ಲಿ ಮುಗೀತು, ಹೂಳು ಎಲ್ಲಿ ಶುರುವಾಯ್ತು ಅಂತ ಆಮೇಲೆ ಕಣ್ಣಿಗೆ ಗೊತ್ತಾಗಲ್ಲ. 0.05 ಮಿಲಿಮೀಟರಿಗಿಂತ ದಪ್ಪ ಇರೋದು ಮರಳು, ಅದು ಹತ್ತು ಸೆಂಟಿಮೀಟರ್ ನೀರನ್ನ ಒಂದು ನಿಮಿಷದೊಳಗೆ ಇಳಿಯುತ್ತೆ. 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ, ಅಷ್ಟೇ ದೂರಕ್ಕೆ ಅದಕ್ಕೆ ಎಂಟು ಗಂಟೆಯಾದ್ರೂ ಬೇಕು. ಇವೆರಡರ ನಡುವಿನ ಗಾತ್ರದ್ದು ಹೂಳು. ಕಣ ಹತ್ತು ಪಟ್ಟು ಸಣ್ಣದಾದ್ರೆ ಇಳಿಯೋ ವೇಗ ನೂರು ಪಟ್ಟು ಕಮ್ಮಿ.

'ಭಾರ ಇರೋದು ಮೊದಲು ಇಳಿಯುತ್ತೆ' ಅಂತ ಮಕ್ಕಳು ಹೇಳೇ ಹೇಳ್ತಾರೆ. ಬೈಬೇಡಿ, ಒಂದು ಸೀಮೆಸುಣ್ಣ ತಗೊಳ್ಳಿ. ಅರ್ಧ ತುಂಡು ಹಾಗೇ ನೀರಿಗೆ ಹಾಕಿ, ಇನ್ನರ್ಧ ನುಣ್ಣಗೆ ಪುಡಿ ಮಾಡಿ ಇನ್ನೊಂದು ಲೋಟಕ್ಕೆ ಹಾಕಿ. ತುಂಡು ತಳಕ್ಕೆ, ಪುಡಿ ನೀರಲ್ಲೇ. ವಸ್ತು ಒಂದೇ, ವ್ಯತ್ಯಾಸ ಗಾತ್ರದ್ದು.

ಈಗ ಎರೆಮಣ್ಣಿನ ಬಾಟಲಿ ನೋಡಿ. ಹತ್ತಿರ ತರ್ತೀನಿ. ಒಟ್ಟು ಮಣ್ಣು 80 ಮಿಲಿಮೀಟರ್ ಇದ್ರೆ ಮೊದಲ ಗೆರೆಯೇ 45ಕ್ಕೆ ಬಂದಿದೆ. ಅಂದ್ರೆ ಅರ್ಧಕ್ಕಿಂತ ಹೆಚ್ಚು ಮರಳು? ಮಳೆಗಾಲದಲ್ಲಿ ಚಪ್ಪಲಿ ಕಿತ್ಕೊಳ್ಳೋ ಮಣ್ಣಲ್ಲಿ? ಸಾಧ್ಯವೇ ಇಲ್ಲ. ತಳದ್ದು ಸ್ವಲ್ಪ ತೆಗೆದು ಬೆರಳಲ್ಲಿ ಉಜ್ಜಿ: ಮರಳಾಗಿದ್ರೆ ಗರಗರ ಅನ್ನುತ್ತೆ, ಇದು ಬೆಣ್ಣೆ ಥರ ನುರೀತಿದೆ. ಇದು ಮರಳಲ್ಲ, ಕರಗದೇ ಉಳಿದ ಜೇಡಿಯ ಗಂಟು. ಒಣ ಎರೆಹೆಂಟೆ ನೀರಿಗೆ ಬಿದ್ದ ಕೂಡಲೇ ಹೊರಮೈ ಉಬ್ಬಿ ಮುಚ್ಚಿಕೊಳ್ಳುತ್ತೆ, ನೀರು ಬೇಗ ಒಳಗೆ ಹೋಗಲ್ಲ, ಹತ್ತು ನಿಮಿಷ ಅಲ್ಲಾಡಿಸಿದ್ರೂ ಪೂರ್ತಿ ಒಡೆಯಲ್ಲ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡೋದೂ ಇದೇ ಜೇಡಿಯಿಂದ, ನೀರು ಕುಡಿದು ಉಬ್ಬುತ್ತೆ, ಒಣಗಿ ಕುಗ್ಗುತ್ತೆ.

ಹಾಗಾಗಿ ಎರೆಮಣ್ಣಿಗೆ ಕ್ರಮ ಬೇರೆ. ಹಿಂದಿನ ದಿನ ಒಣಗಿಸಿ, ಲಟ್ಟಣಿಗೆಯಲ್ಲಿ ಕುಟ್ಟಿ, ಹಿಟ್ಟಿನ ಜರಡಿ ಹಿಡಿದು, ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಜರಡಿಯಲ್ಲಿ ಉಳಿಯೋ ಬಿಳಿ ಹರಳುಗಳನ್ನ ಎಸೀಬೇಡಿ, ಅವು ಸುಣ್ಣದ ಗಂಟುಗಳು. ನಿಂಬೆರಸ ಹಾಕಿದ್ರೆ ಬುಸ್ ಅಂತ ಗುಳ್ಳೆ ಬರ್ತವೆ, ನೋಡಿ, ಇಲ್ಲಿ. ಇದೊಂದಕ್ಕೇ ಅರ್ಧ ಪೀರಿಯಡ್ ಕೊಡಬಹುದು.

ಎಡಗಡೆ ಕೆಮ್ಮಣ್ಣಲ್ಲಿ ಮೊದಲ ಗೆರೆ 52, ಎರಡು ಗಂಟೆ ಬಿಟ್ಟು ಹೂಳು ಇಳಿದ ಮೇಲೆ 64, ಮಾರನೇ ದಿನ ಜೇಡಿಯೂ ಕೂತ ಮೇಲೆ 80. ಅಂದ್ರೆ ಮರಳು ಶೇಕಡಾ 65, ಹೂಳು 15, ಜೇಡಿ 20. ಶೇಕಡಾವಾರು ಲೆಕ್ಕಕ್ಕೆ ಗಣಿತದ ಟೀಚರನ್ನೂ ಕರೀರಿ. ಇಲ್ಲಿ ಮರಳು ನಿಜವಾಗಿಯೂ ಜಾಸ್ತಿ, ಯಾಕಂದ್ರೆ ಈ ಮಣ್ಣು ಹುಟ್ಟಿದ ಗ್ರಾನೈಟಿನಲ್ಲಿರೋ ಬೆಣಚು ಸವೆಯುತ್ತೆ ಹೊರತು ಕೊಳೆಯಲ್ಲ, ಮರಳಾಗಿ ಉಳ್ಕೊಳ್ಳುತ್ತೆ. ವಿಜಯಪುರ, ಕಲಬುರಗಿ ಕಡೆಯ ಕಪ್ಪು ಬಸಾಲ್ಟ್ ಕಲ್ಲಲ್ಲಿ ಆ ಬೆಣಚು ಇಲ್ಲ, ಕೊಳೆತದ್ದೆಲ್ಲ ಬಹುಪಾಲು ಜೇಡಿನೇ, ಅದೇ ಎರೆಮಣ್ಣು.

ಬಾದಾಮಿಗೆ ಪ್ರವಾಸ ಹೋದ್ರೆ ಗುಹೆಯಲ್ಲಿ ಶಿಲ್ಪ ತೋರಿಸಿ, ಖಂಡಿತ ತೋರಿಸಿ, ಮೂರನೇ ಗುಹೆಯ ಶಾಸನ 578ರದ್ದು. ಆದ್ರೆ ಶಿಲ್ಪದ ಹಿಂದಿನ ಗೋಡೆಯ ಗೆರೆಗಳನ್ನೂ ತೋರಿಸಿ. ನೀರು ತಂದು ಹಾಕಿದ ಮರಳು ಪದರ ಪದರವಾಗಿ ಕೂತು ಕಲ್ಲಾಗಿದೆ, ಈ ಬಾಟಲಿಯಲ್ಲಿ ಆಗ್ತಿರೋ ಕೆಲಸವೇ... ಇರಿ, ಟೈಮರ್ ಹೊಡೀತು.

ಇದು ನೆನೆಸಿದ ಎರೆಮಣ್ಣು. ಒಂದು ನಿಮಿಷದ ಗೆರೆ: 12 ಮಿಲಿಮೀಟರ್! ಅದೇ ಹೊಲದ ಮಣ್ಣು, 45 ಅಲ್ಲ, 12. ಎರಡು ಬಾಟಲಿಯನ್ನೂ ಅಕ್ಕಪಕ್ಕ ಇಟ್ಟು, ಯಾವುದು ಸರಿ, ಹೇಗೆ ಗೊತ್ತಾಯ್ತು ಅಂತ ಮಕ್ಕಳಿಂದಲೇ ಹೇಳಿಸಿ. ಮೇಲಿನ ನೀರು ತಿಳಿಯಾಗೋಕೆ ಎರಡು ದಿನವಾದ್ರೂ ಬೇಕು, ಶುಕ್ರವಾರ ಶುರು ಮಾಡಿದ್ರೆ ಸೋಮವಾರಕ್ಕೆ ಸಿಗುತ್ತೆ. ಕಿಟಕಿ ಪಕ್ಕ ಇಡಬೇಡಿ, ಬಿಸಿಲಿಗೆ ಒಂದು ಮಗ್ಗುಲು ಕಾದು ಒಳಗೆ ನೀರು ತಿರುಗೋಕೆ ಶುರುವಾಗುತ್ತೆ. ಕಸ ಗುಡಿಸೋರಿಗೂ ಗೊತ್ತಾಗೋ ಹಾಗೆ 'ಎತ್ತಬೇಡಿ' ಅಂತ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ.