ಮೊದಲ ತಡ ನಮ್ಮದೇ

(ಮಡಿಕೇರಿಯಲ್ಲಿ ಭ್ರಷ್ಟಾಚಾರ ವಿರೋಧಿ ಜಾಗೃತಿ ಸಪ್ತಾಹದ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ತಲಕಾವೇರಿಯಲ್ಲಿ ತೀರ್ಥೋದ್ಭವ ಮುಗಿದು ಹೆಚ್ಚು ದಿನ ಆಗಿಲ್ಲ. ಆ ಗಳಿಗೆಯನ್ನು ನಿಮಿಷದ ಲೆಕ್ಕದಲ್ಲಿ ಮೊದಲೇ ಹೇಳಿಬಿಡುತ್ತಾರೆ. ಬ್ಯಾಂಕ್ ವಂಚನೆ ಕೇಸಿನ ಚಾರ್ಜ್‌ಶೀಟ್ ಯಾವ ವರ್ಷ ಬರುತ್ತದೆ ಅಂತ ಹೇಳುವ ಜೋಯಿಸರು ಮಾತ್ರ ಇನ್ನೂ ಹುಟ್ಟಿಲ್ಲ.

ನಾನು ಬ್ಯಾಂಕಿನ ವಿಜಿಲೆನ್ಸ್‌ನಲ್ಲಿದ್ದು ನಿವೃತ್ತನಾದವನು. ಬ್ಯಾಂಕಿನ ಒಳಗಿನ ಅಕ್ರಮ ಹಿಡಿಯುವ ವಿಭಾಗ ಅದು. ತನಿಖೆ ನಿಧಾನ ಅಂದ ಕೂಡಲೇ ಎಲ್ಲರೂ ಪೊಲೀಸರನ್ನು, ಸಿಬಿಐಯನ್ನು, ಕೋರ್ಟನ್ನು ಬೈಯುತ್ತಾರೆ. ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ತಡ ಬ್ಯಾಂಕಿನದ್ದೇ. ಇದನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

2004ರ ಮಾರ್ಚ್. ದಕ್ಷಿಣ ಕೊಡಗಿನ ಒಂದು ಶಾಖೆ, ಊರಿನ ಹೆಸರು ಬೇಡ. ಕಾಫಿ ಬೆಲೆ ನೆಲ ಕಚ್ಚಿದ್ದ ಕಾಲ ಅದು. ಮನೆಮನೆಯ ಚಿನ್ನ ಬ್ಯಾಂಕಿನ ಸೇಫಿನಲ್ಲಿತ್ತು. ನಾನು ಇನ್‌ಸ್ಪೆಕ್ಷನ್‌ಗೆ ಹೋಗಿದ್ದೆ. ಒಬ್ಬರು ಅಜ್ಜಿ ಅಡವಿಟ್ಟ ಜೋಮಾಲೆ ಬಿಡಿಸಿಕೊಳ್ಳಲು ಬಂದರು. ಜೋಮಾಲೆ ಗೊತ್ತಲ್ವಾ, ಚಿನ್ನದ ಪೊಳ್ಳು ಗುಂಡುಗಳು, ಒಳಗೆ ಅರಗು. ಆ ಅರಗಿಗೆ ಎಷ್ಟು ತೂಕ ಕಳೆಯಬೇಕು ಅನ್ನುವುದು ಅಪ್ರೈಸರ್, ಅಂದರೆ ಬ್ಯಾಂಕಿಗೆ ಚಿನ್ನ ಪರೀಕ್ಷಿಸಿ ಕೊಡುವವನ ಅಂದಾಜು. ಅಲ್ಲೇ ಆಟ.

ಪ್ಯಾಕೆಟ್ ಸೀಲು ಒಡೆದು ಕೊಟ್ಟರು. ಅಜ್ಜಿ ಎಣಿಸಲಿಲ್ಲ, ತೂಗಿಸಲಿಲ್ಲ. ಒಂದೊಂದೇ ಗುಂಡನ್ನು ಬೆರಳಲ್ಲಿ ಸರಿಸಿದರು, ಎರಡು ಸುತ್ತು. ಆಮೇಲೆ, "ಇದು ನಂದಲ್ಲ. ಮೊಮ್ಮಗ ಹಲ್ಲು ಬರುವಾಗ ಕಚ್ಚಿ ತಗ್ಗು ಮಾಡಿದ ಗುಂಡು ಇದರಲ್ಲಿ ಇಲ್ಲ" ಅಂದರು. ಮ್ಯಾನೇಜರ್ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ. ಒರೆಗಲ್ಲಿಗೆ ಉಜ್ಜಿ ನೋಡಿದರೆ ತಾಮ್ರ!

ಸಂಜೆಯೊಳಗೆ ಇನ್ನೂ ಹತ್ತು ನಕಲಿ ಪ್ಯಾಕೆಟ್ ಸಿಕ್ಕವು. ಕಳ್ಳ ಆ ಅಪ್ರೈಸರೇ ಅಂತಲೂ ಗೊತ್ತಾಯಿತು. ಆದರೆ ಮೇಲಿನ ಕಚೇರಿಯಿಂದ ಫೋನ್: "ಮಾರ್ಚ್ ಕೊನೆ, ಗಲಾಟೆ ಬೇಡ, ಅವನಿಂದಲೇ ಕಟ್ಟಿಸಿಕೊಳ್ಳಿ." ಪೊಲೀಸ್ ದೂರು ಕೊಟ್ಟಿದ್ದು ಅಕ್ಟೋಬರಿನಲ್ಲಿ. ಅಪ್ರೈಸರ್ ಘಟ್ಟ ಇಳಿದು ಒಂದು ಮಳೆಗಾಲವೇ ಕಳೆದಿತ್ತು. ಮೊದಲ ತಡ ಯಾರದ್ದು?

ದೊಡ್ಡವರದ್ದೂ ಬೇರೆಯಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಿಂದ ವಜ್ರದ ವ್ಯಾಪಾರಿ ನೀರವ್ ಮೋದಿಯ ಸಾಲಕ್ಕೆ ಖಾತರಿ ಪತ್ರಗಳು ಸ್ವಿಫ್ಟ್ ಮೂಲಕ, ಅಂದರೆ ಬ್ಯಾಂಕುಗಳು ಪರಸ್ಪರ ಸಂದೇಶ ಕಳಿಸುವ ಜಾಲದ ಮೂಲಕ, ಹೊರದೇಶಕ್ಕೆ ಹೋದವು. ಕೋರ್ ಬ್ಯಾಂಕಿಂಗ್, ಅಂದರೆ ಬ್ಯಾಂಕಿನದೇ ಕಂಪ್ಯೂಟರ್ ಲೆಕ್ಕಕ್ಕೆ ಹತ್ತಲೇ ಇಲ್ಲ. ವರ್ಷಗಟ್ಟಲೆ ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಸಿಬಿಐಗೆ ದೂರು ಹೋದದ್ದು 2018ರ ಜನವರಿ ಕೊನೆಗೆ. ನೀರವ್ ಮೋದಿ ವಿಮಾನ ಹತ್ತಿದ್ದು ಜನವರಿ 1ಕ್ಕೆ. ಲೆಕ್ಕ 13,000 ಕೋಟಿ ದಾಟಿತು. ಇದರಲ್ಲಿ ಸಿಬಿಐ ಏನು ಮಾಡಬೇಕಿತ್ತು ಹೇಳಿ, ಹೊಸ ವರ್ಷದ ಶುಭಾಶಯ ಕಳಿಸಬೇಕಿತ್ತಾ?

ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಕಾಲದ 1992ರ ಬ್ಯಾಂಕ್-ಷೇರು ಹಗರಣಕ್ಕೆ ವಿಶೇಷ ಕೋರ್ಟೇ ಆಯಿತು. ಆದರೂ 2001ರ ಕೊನೆಯ ದಿನ ಆತ ತೀರಿಕೊಂಡಾಗ ಎಷ್ಟೋ ಕೇಸು ಹಾಗೇ ಉಳಿದಿದ್ದವು.

ಠಾಣೆಯ ಪಾಡನ್ನೂ ಹೇಳಬೇಕು. ಎಸ್‌ಐಗೆ ಒಂದು ಕಡೆ ಊರಿಗೆ ನುಗ್ಗಿದ ಆನೆ, ಇನ್ನೊಂದು ಕಡೆ ದಸರಾ ಬಂದೋಬಸ್ತ್. ಅವರ ಮೇಜಿನ ಮೇಲೆ ನಾವು ಎರಡು ಗೋಣಿ ವೋಚರ್ ಸುರಿದೆವು. ಲೆಡ್ಜರ್ ನಕಲನ್ನು 1891ರ ಬ್ಯಾಂಕ್ ಪುಸ್ತಕಗಳ ಸಾಕ್ಷ್ಯ ಕಾಯ್ದೆಯಂತೆ ಬ್ಯಾಂಕೇ ದೃಢೀಕರಿಸಿ ಕೊಡಬೇಕು. ಕಂಪ್ಯೂಟರ್ ಪ್ರಿಂಟಿಗೆ ಬೇರೆ ಸರ್ಟಿಫಿಕೇಟ್. ನಮ್ಮವರು ಅದಕ್ಕೇ ಒಂದು ವರ್ಷ ತೆಗೆದುಕೊಂಡರು. ಸರ್ಕಾರಿ ಬ್ಯಾಂಕಿನ ಅಧಿಕಾರಿ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸಿಕ್ಕಿಬಿದ್ದರೆ ಕೇಸು ನಡೆಸಲು ಅನುಮತಿ ಬೇಕು. ಕೊಡಬೇಕಾದವರು? ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಇರುವವರು, ಅಂದರೆ ಮತ್ತೆ ಬ್ಯಾಂಕಿನವರೇ. ಪ್ರಾಮಾಣಿಕರಿಗೆ ರಕ್ಷಣೆ ಬೇಕು, ಒಪ್ಪುತ್ತೇನೆ. ಆದರೆ ಫೈಲು ಮಲಗುವುದು ಯಾರ ಮೇಜಿನ ಮೇಲೆ ಅನ್ನುವುದನ್ನೂ ನೋಡಿ.

ನನಗೆ ಸಮನ್ಸ್ ಬಂದಿದ್ದು 2015ರಲ್ಲಿ. ಪಾಟೀ ಸವಾಲಿನಲ್ಲಿ ವಕೀಲರು, "ಪ್ಯಾಕೆಟ್ ಸೀಲಿನ ಅರಗು ಕೆಂಪೋ ಕಂದೋ?" ಅಂದರು. "ಸ್ವಾಮಿ, ನನ್ನ ಮದುವೆಯಲ್ಲಿ ಉಟ್ಟ ಪಂಚೆಯ ಅಂಚಿನ ಬಣ್ಣವೇ ನೆನಪಿಲ್ಲ" ಅಂದೆ. ಜಡ್ಜ್ ನಕ್ಕರು. ಆರೋಪಿಯೂ ನಕ್ಕ.

ಚೀಟಿ ಬಂತು, ಮೂರು ನಿಮಿಷವಂತೆ. ರಿಸರ್ವ್ ಬ್ಯಾಂಕಿನ 2024ರ ಹೊಸ ನಿರ್ದೇಶನ, ವಂಚನೆ ಅಂತ ಘೋಷಿಸುವ ಮೊದಲು ಕೊಡಬೇಕಾದ 21 ದಿನದ ನೋಟಿಸು, ಅದೇ ವರ್ಷ ಕರ್ನಾಟಕ ಇಲ್ಲಿ ತನಿಖೆ ಮಾಡಲು ಸಿಬಿಐಗೆ ಕೊಟ್ಟಿದ್ದ ಒಪ್ಪಿಗೆ ವಾಪಸ್ ಪಡೆದದ್ದು, ಎಲ್ಲ ಬರೆದುಕೊಂಡು ಬಂದಿದ್ದೆ. ಬಿಡಿ. ಜೋಮಾಲೆ ಏನಾಯಿತು ಹೇಳಿಬಿಡುತ್ತೇನೆ.

ಅದು 2006ರಲ್ಲೇ ಮೈಸೂರಿನ ಗಿರವಿ ಅಂಗಡಿಯಲ್ಲಿ ಸಿಕ್ಕಿತು. ಕೋರ್ಟಿನ ಮುದ್ದೆಮಾಲಾಯಿತು, ಅಂದರೆ ಕೇಸಿನ ಸಾಕ್ಷ್ಯದ ವಸ್ತುವಾಗಿ ಅಲ್ಲೇ ಉಳಿಯಿತು. ಇಂಥ ಒಡವೆಯನ್ನು ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಕೊಟ್ಟುಬಿಡಿ, ಸುಮ್ನೆ ಇಟ್ಟುಕೊಳ್ಳಬೇಡಿ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಅರ್ಜಿ ಹಾಕಬೇಕಿತ್ತು, ಅಷ್ಟೇ. ಬ್ಯಾಂಕು ಅಜ್ಜಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ. ಅಜ್ಜಿ 2011ರಲ್ಲಿ ಹೋದರು.

ಒಡವೆ ಗುರುತಿಸಲು ಕೋರ್ಟಿಗೆ ಮೊಮ್ಮಗ ಬಂದ. ಕಾಲೇಜು ಮುಗಿಸಿದ ಹುಡುಗ. ತಗ್ಗಾದ ಗುಂಡನ್ನು ಅವನ ಕೈಗೆ ಕೊಟ್ಟು, "ಇದು ನಿಮ್ಮದೇನಾ?" ಅಂತ ಕೇಳಿದರು. ಅವನು ತಿರುಗಿಸಿ ತಿರುಗಿಸಿ ನೋಡಿದ.

"ಕಚ್ಚಿದ್ದು ನಾನಂತೆ ಸರ್. ನನಗೆ ನೆನಪಿಲ್ಲ."

ಹಾಗೇ ಬರೆದುಕೊಂಡರು.