ಬ್ಯಾಟರಿ ಬದಲಿಸುವ ಮೊದಲು

ಕೇಳುಗರೇ, ನಮಸ್ಕಾರ.

ಕೀಲಿ ತಿರುಗಿಸಿದಾಗ ಕಾರು ಬರೀ 'ಕಟಕಟ' ಅಂದರೆ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು: 'ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ.' ಹಾಕಿಸುತ್ತೇವೆ. ಸಾವಿರಗಟ್ಟಲೆ ಹೋಗುತ್ತದೆ. ತಿಂಗಳೊಳಗೆ ಮತ್ತೆ ಅದೇ ಕಟಕಟ. ಹಾಗಾದರೆ ಪಾಪ, ಬ್ಯಾಟರಿಯ ತಪ್ಪೇನೂ ಇರಲಿಕ್ಕಿಲ್ಲ. ಅದಕ್ಕೆ ಚಾರ್ಜ್ ಸಿಗುತ್ತಿಲ್ಲ, ಇಲ್ಲವೇ ನಿಂತಲ್ಲೇ ಸೋರುತ್ತಿದೆ, ಅದೂ ಅಲ್ಲದಿದ್ದರೆ ಇರುವ ಕರೆಂಟು ಸೆಲ್ಫ್ ಮೋಟಾರಿಗೆ ತಲುಪುತ್ತಿಲ್ಲ.

ತಿಳಿಯಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಸಾಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿ.ಸಿ. 20 ವೋಲ್ಟಿಗೆ ಇಟ್ಟು, ಕೆಂಪು ವೈರನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಮುಟ್ಟಿಸಿ. ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲೇ ನೋಡಬೇಕು. ಓಡಿಸಿ ಬಂದ ಕೂಡಲೇ ನೋಡಿದರೆ ಮೀಟರು ಸುಮ್ನೆ ಜಾಸ್ತಿ ತೋರಿಸುತ್ತದೆ. 12.6 ಇದ್ದರೆ ತುಂಬಿದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡೇ ತೋರಿಸಿದರೆ ಸರಿಯಾಗಿಯೇ ಇದೆ ಅಲ್ವಾ ಅನಿಸುತ್ತದೆ. ಇಲ್ಲ. ಒಳಗಿರುವುದು ಆರು ಸೆಲ್, ತುಂಬಿದಾಗ ಒಂದೊಂದೂ 2.1 ವೋಲ್ಟ್. ಹಾಗಾಗಿ 12 ಅಂದರೆ ತಳ ಕಾಣುತ್ತಿದೆ ಅಂತಲೇ ಲೆಕ್ಕ.

ಈಗ ಎಂಜಿನ್ ಚಾಲೂ ಮಾಡಿ ಮತ್ತೆ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಹಳಬರ ಬಾಯಲ್ಲಿ ಡೈನಮೋ, ಸರಿ ಇದ್ದರೆ 13.8ರಿಂದ 14.5ರ ಒಳಗೆ ಬರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಇಳಿಸುತ್ತದೆ, ಅದಕ್ಕೆ ಹೆಡ್‌ಲೈಟ್ ಹಾಕಿಯೇ ನೋಡಿ. ಲೈಟ್ ಹಾಕಿದಾಗಲೂ 12ರ ಹತ್ತಿರವೇ ಇದ್ದು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಎಂಜಿನ್ ನಿಲ್ಲಿಸಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡಿ. ಮಳೆಯಲ್ಲಿ 'ಕೀಂಯ್' ಅಂತ ಕಿರುಚುವ ಬೆಲ್ಟ್ ಜಾರುತ್ತಿರುತ್ತದೆ. ಉಲ್ಟಾ, 15 ದಾಟಿದರೆ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಒಳಗೊಳಗೇ ಕುದಿದು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಓಡುವಾಗಲೇ ಬ್ಯಾಟರಿಯ ವೈರ್ ಕಿತ್ತು, 'ನಿಲ್ಲಲಿಲ್ಲ ನೋಡಿ, ಡೈನಮೋ ಸರಿ ಇದೆ' ಅನ್ನುವ ಹಳೆಯ ಕೈಗಳು ಈಗಲೂ ಇವೆ. ಅಂಬಾಸಿಡರ್ ಕಾಲದಲ್ಲಿ ನಡೆಯಿತು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಕಂಪ್ಯೂಟರೇ ಸುಟ್ಟೀತು. ಯಾರಾದರೂ ಕೈ ಹಾಕಿದರೆ ತಡೆಯಿರಿ.

ಎರಡೂ ಅಳತೆ ಸರಿ ಬಂದವು, ಆದರೂ ಸೆಲ್ಫ್ ಎತ್ತುವುದಿಲ್ಲ. ನಮ್ಮ ಕರಾವಳಿಯಲ್ಲಿ ನಾನು ಮೊದಲು ಸಂಶಯಪಡುವುದು ಅರ್ಥ್ ವೈರನ್ನು. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ಗಾಳಿಯಲ್ಲೇ ಉಪ್ಪಿದೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತದ್ದು ಎಲ್ಲರಿಗೂ ಕಾಣುತ್ತದೆ. ಕಾಣದ್ದು ಮೈನಸ್ಸಿನಿಂದ ಕಾರಿನ ಲೋಹದ ಮೈಗೆ, ಎಂಜಿನ್ನಿಗೆ ಹೋಗುವ ಈ ದಪ್ಪ ಅರ್ಥ್ ವೈರಿನ ಇನ್ನೊಂದು ತುದಿ. ಮೇಲಿನ ಕಪ್ಪು ಪ್ಲಾಸ್ಟಿಕ್ ಹೊಸದರ ಹಾಗೇ ಇರುತ್ತದೆ. ಬೆರಳಲ್ಲಿ ಒತ್ತಿದರೆ ಒಳಗೆ ಜರಜರ ಅನ್ನುತ್ತದೆ. ಸೀಳಿದರೆ ತಾಮ್ರದ ಎಳೆಗಳು ಕಿಲುಬು ಹಿಡಿದು ಪುಡಿಯಾಗಿರುತ್ತವೆ.

ಇದಕ್ಕೂ ಮೀಟರೇ ಸಾಕ್ಷಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಕಪ್ಪು ವೈರನ್ನು ಬ್ಯಾಟರಿಯ ಮೈನಸ್ ಗೂಟಕ್ಕೇ ಇಡಿ, ಅದನ್ನು ಹಿಡಿದ ಕ್ಲಾಂಪಿಗೆ ಅಲ್ಲ. ಕೆಂಪನ್ನು ಎಂಜಿನ್ನಿನ ಬರೀ ಲೋಹಕ್ಕೆ. ಒಬ್ಬರು ಸೆಲ್ಫ್ ಹೊಡೆಯಲಿ. ಮೀಟರಿನಲ್ಲಿ 0.2ರೊಳಗೆ ಬಂದರೆ ದಾರಿ ಚೊಕ್ಕ. ಅರ್ಧ ವೋಲ್ಟ್ ಬಂತೋ, ಕರೆಂಟು ದಾರಿಯಲ್ಲೇ ಸಿಕ್ಕಿಬಿದ್ದಿದೆ. ಆ ವೈರಿಗೆ ಆಗುವ ಖರ್ಚು ಬ್ಯಾಟರಿಯ ಮುಂದೆ ಏನೂ ಅಲ್ಲ. ಟರ್ಮಿನಲ್ ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್. ಒಣಗಿಸಿ, ಕೂಡಿಸಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೈಗೆ, ಕಣ್ಣಿಗೆ ಆ ಪುಡಿ ತಾಗದಿರಲಿ.

ಇನ್ನು ಸೋರಿಕೆ. ಘಟ್ಟದ ಮೇಲೆ ಶಿರಸಿ ಕಡೆ ಉಪ್ಪಿನ ಕಾಟ ಇಲ್ಲ, ಆದರೆ ಜೂನಿನಲ್ಲಿ ಶೆಡ್ಡಿಗೆ ಸೇರಿದ ಕಾರನ್ನು ಚೌತಿಗೆ ಊರಿಗೆ ಬಂದ ಮಕ್ಕಳೇ ಹೊರಗೆ ತೆಗೆಯುವ ಮನೆಗಳಿವೆ. ನಿಂತ ಕಾರಿನಲ್ಲೂ ಅಲಾರಂ, ಗಡಿಯಾರ, ಕಂಪ್ಯೂಟರ್ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ತನಕ ಮಾಮೂಲು. ಅಷ್ಟಾದರೂ ದಿನಕ್ಕೆ 1.2 ಆಂಪಿಯರ್ ಅವರ್. 35 ಆಂಪಿಯರ್ ಅವರಿನ ಸಣ್ಣ ಬ್ಯಾಟರಿ ತಿಂಗಳಲ್ಲಿ ಬರಿದು, ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಅಂಗಳದಲ್ಲೇ ಐದು ನಿಮಿಷ ಚಾಲೂ ಇಟ್ಟರೆ ಸ್ಟಾರ್ಟ್ ಮಾಡಲು ಖರ್ಚಾದದ್ದೂ ಪೂರ್ತಿ ವಾಪಸ್ ಬರುವುದು ಅನುಮಾನ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಇಲ್ಲವೇ ಮೈನಸ್ ವೈರ್ ಬಿಚ್ಚಿಡಿ.

ಬೇರೆ ಕಾರಿನಿಂದ ಕರೆಂಟು ಪಡೆಯುವುದಾದರೆ ಪ್ಲಸ್ಸಿಗೆ ಪ್ಲಸ್, ಆಮೇಲೆ ಆ ಕಾರಿನ ಮೈನಸ್. ಕೊನೆಯ ಕ್ಲಿಪ್ ನಿಮ್ಮ ಬ್ಯಾಟರಿಗೆ ಬೇಡ, ಎಂಜಿನ್ನಿನ ಲೋಹಕ್ಕೆ ಹಾಕಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಪಕ್ಕದಲ್ಲಿ ಕಿಡಿ ಹಾರಬಾರದು. ಕಾರು ಚಾಲೂ ಆಯಿತು, ಆದರೆ ಮೀಟರು 14ರ ಹತ್ತಿರ ಬರುತ್ತಿಲ್ಲವೇ? ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಲು ಹೋಗಬೇಡಿ. ಮಳೆಯಲ್ಲಿ ಲೈಟ್, ವೈಪರ್ ಎಲ್ಲ ಬ್ಯಾಟರಿಯನ್ನೇ ತಿನ್ನುತ್ತವೆ, ನಡುಘಟ್ಟದಲ್ಲಿ ಗಾಡಿ ನಿಲ್ಲುತ್ತದೆ. ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಕಡೆಗೇ ತಿರುಗಿಸಿ, ಅಲ್ಲಿ ತಲುಪುವ ತನಕ ಎಂಜಿನ್ ಆಫ್ ಮಾಡಬೇಡಿ.